ಒಂದೇ ಪೀಸಿನ ಕೆಲಸ

ಶಿವಮೊಗ್ಗ, ಚಿಕ್ಕಮಗಳೂರು, ಸಕಲೇಶಪುರದ ಕಡೆಯಿಂದ ಹೊರಟ ಗಾಡಿ ಬೆಂಗಳೂರು ಹೊಗುವುದು ತುಮಕೂರು ರಸ್ತೆಯಿಂದ. ನೆಲಮಂಗಲ, ದಾಸರಹಳ್ಳಿ, ಪೀಣ್ಯ ದಾಟಿ ಗೊರಗುಂಟೆಪಾಳ್ಯದಲ್ಲಿ ಬಲಕ್ಕೆ ಹೊರಳಿದರೆ ಲಗ್ಗೆರೆ. ಮಲೆನಾಡಿನ ಜೀಪುಗಳ ಸವೆದ ಶಾಫ್ಟು, ಮುರಿದ ಪಿನ್ನುಗಳೆಲ್ಲ ನಮ್ಮ ಸೋದರಮಾವನ ಲೇತ್ ಶಾಪಿಗೇ ಬಂದು ಬೀಳುತ್ತಿದ್ದುದಕ್ಕೆ ಮೊದಲ ಕಾರಣ ಈ ರಸ್ತೆ. ಮಾವನ ಕೈಗುಣ ಅವರಿಗೆಲ್ಲ ಗೊತ್ತಾದದ್ದು ಆಮೇಲೆ.

ನಾನು ಐಟಿಐ ಟರ್ನರ್ ಮುಗಿಸಿ ಹೊಸನಗರದ ಕಡೆಯಿಂದ ಅಲ್ಲಿಗೆ ಬಂದದ್ದು 1995ರ ಸುಮಾರಿಗೆ. ರಿಂಗ್ ರೋಡಿನ ಕೆಲಸ ಇನ್ನೂ ಪೂರ್ತಿಯಾಗಿರಲಿಲ್ಲ. ಬೀದಿಯ ಉದ್ದಕ್ಕೂ ಕೆಳಗೆ ಶೆಡ್ಡು, ಮೇಲೆ ಮನೆ. ಶೆಡ್ಡಿನೊಳಗೆ ಒಂದು ಲೇತು, ಒಂದು ಡ್ರಿಲ್ಲಿಂಗ್ ಮಿಷನ್ನು, ಮೂಲೆಯಲ್ಲಿ ಗ್ರೈಂಡರು, ಗೋಡೆಯಲ್ಲಿ ಆಯುಧಪೂಜೆಯ ಕುಂಕುಮ ವರ್ಷವಿಡೀ ಉಳಿದಿರುತ್ತಿದ್ದ ತ್ರೀ ಫೇಸ್ ಮೀಟರು. ಕೆಇಬಿಯವರು ಕರೆಂಟು ತೆಗೆದರೆ ಇಡೀ ಬೀದಿ ಒಟ್ಟಿಗೆ ಟೀ ಅಂಗಡಿಗೆ ಹೊರಡುತ್ತಿತ್ತು. ಯಾರ ಹತ್ತಿರ ಯಾವ ಕಂಪನಿಯ ಆರ್ಡರಿದೆ, ಯಾರಿಗೆ ದುಡ್ಡು ಬರಬೇಕಾಗಿದೆ, ಯಾರ ಹುಡುಗ ಬೆರಳು ಕೊಯ್ದುಕೊಂಡ ಎಂಬುದೆಲ್ಲ ಅಲ್ಲಿ ಗೊತ್ತಾಗುತ್ತಿತ್ತು.

ಹೊಟ್ಟೆಪಾಡಿಗೆ ಜಾಬ್ ವರ್ಕ್. ಪೀಣ್ಯದ ಕಂಪನಿಗಳು ಡ್ರಾಯಿಂಗೂ ರಾಡೂ ಕಳಿಸುತ್ತಿದ್ದವು. ನಾವು ಒಂದೇ ಥರದ ಬುಷ್ಷನ್ನು ಸಾವಿರಗಟ್ಟಲೆ ತೆಗೆದು ಎಣಿಸಿ ಗೋಣಿಗೆ ತುಂಬಿ ಕೊಡುತ್ತಿದ್ದೆವು. ಬೇಜಾರಿನ ಕೆಲಸ, ಆದರೆ ಬಾಡಿಗೆ ಕಟ್ಟುತ್ತಿದ್ದುದು ಅದೇ. ಇದರ ನಡುವೆ ತಿಂಗಳಲ್ಲಿ ಒಂದಷ್ಟು ಜನ ಕೈಯಲ್ಲಿ ಪೇಪರಿನ ಪೊಟ್ಟಣ ಹಿಡಿದು ಬರುತ್ತಿದ್ದರು. ಪೇಪರಿಗೆ ಗ್ರೀಸ್ ಇಳಿದು ಅಕ್ಷರ ಕಾಣದಂತಾಗಿರುತ್ತಿತ್ತು. ಬಿಚ್ಚಿದರೆ ಒಳಗೆ ಜೀಪಿನ ಯಾವುದೋ ಒಂದು ತುಂಡು. ಬಂದವರು ಎಸ್ಟೇಟಿನ ಡ್ರೈವರು, ರೈಟರು, ಕೆಲವು ಸಲ ಸಾಹುಕಾರರೇ.

"ಅಂಗಡಿಲಿ ಸಿಗ್ತದೆ ಮೇಸ್ತ್ರಿ, ಡೂಪ್ಲಿಕೇಟು. ಒಂದು ಮಳೆಗಾಲ ಬರಲ್ಲ. ನೀವೇ ಒಂದು ಮಾಡ್ಕೊಡಿ."

ಒಂದು. ಅದೇ ತಾಪತ್ರಯ. ಒಂದು ಪೀಸಿಗೆ ಮಿಷನ್ ಸೆಟ್ ಮಾಡಲು ಹಿಡಿಯುವ ಹೊತ್ತಿನಲ್ಲಿ ಐವತ್ತು ಬುಷ್ ತೆಗೆಯಬಹುದು. ಮಾವ ಮೊದಲು ಗೊಣಗುತ್ತಿದ್ದರು, ಆಮೇಲೆ ವರ್ನಿಯರ್ ಕೈಗೆತ್ತಿಕೊಳ್ಳುತ್ತಿದ್ದರು. "ಇದ್ರಲ್ಲಿ ದುಡ್ಡಿಲ್ಲ ಅಪ್ಪಿ. ಆದ್ರೆ ಅಷ್ಟು ದೂರದಿಂದ ಬಂದೋರಿಗೆ ಆಗದಿಲ್ಲ ಅನ್ನದು ಹೆಂಗೆ?"

ಹೀಗೆ ಬರುತ್ತಿದ್ದವರಲ್ಲಿ ಸಕಲೇಶಪುರದ ಕಡೆಯ ಗೌಡರೊಬ್ಬರಿದ್ದರು. ಸವೆದ ಶಾಫ್ಟನ್ನು ಮೇಜಿನ ಮೇಲಿಟ್ಟು, ಕುರ್ಚಿ ಎಳೆದುಕೊಂಡು ಅವರು ಹೇಳುತ್ತಿದ್ದ ಮೊದಲ ಮಾತು ಯಾವಾಗಲೂ ಒಂದೇ: "ಈ ಗಾಡಿ ನಂಗೆ ಇವತ್ತಿನವರೆಗೆ ಒಂದು ದಿನ ಕೈಕೊಟ್ಟಿಲ್ಲ ಕಣ್ರೀ." ನಾನು ಶಾಫ್ಟನ್ನೊಮ್ಮೆ ಅವರ ಮುಖವನ್ನೊಮ್ಮೆ ನೋಡುತ್ತಿದ್ದೆ. ಅವರು ಸುಳ್ಳು ಹೇಳುತ್ತಿರಲಿಲ್ಲ ಎಂದು ತಿಳಿಯಲು ನನಗೆ ಕೆಲವು ವರ್ಷ ಬೇಕಾಯಿತು. ಜೀಪಿನವರ ಲೆಕ್ಕದಲ್ಲಿ ಕೈಕೊಡುವುದು ಎಂದರೆ ಇನ್ನೊಂದು ಗಾಡಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಮನೆಗೆ ಬರುವುದು. ಕ್ಲಚ್ಚಿನ ರಾಡು ಮುರಿದು ಬೇಲಿಯ ತಂತಿ ಕಟ್ಟಿಕೊಂಡು ಬಂದದ್ದು, ರೇಡಿಯೇಟರ್ ಸೋರಿ ಹಳ್ಳಕ್ಕೊಂದು ಸಲ ನಿಲ್ಲಿಸಿ ನೀರು ಹೊಯ್ದುಕೊಂಡು ಬಂದದ್ದು, ಸೆಲ್ಫ್ ಹಿಡಿಯದೆ ಇಳಿಜಾರಿನಲ್ಲೇ ನಿಲ್ಲಿಸುವ ಅಭ್ಯಾಸವಾದದ್ದು, ಇವು ಯಾವುವೂ ಆ ಪಟ್ಟಿಗೆ ಸೇರುವುದಿಲ್ಲ. ಸ್ವಂತ ಚಕ್ರದ ಮೇಲೆ ಮನೆ ಸೇರಿದರೆ ಗಾಡಿ ಕೈಕೊಟ್ಟಿಲ್ಲ.

ಈ ಲೆಕ್ಕಕ್ಕೆ ಬುನಾದಿ ಹಾಕಿದ್ದು ಗಾಡಿ ಹುಟ್ಟಿದ ರೀತಿಯೇ. 1940ರಲ್ಲಿ ಅಮೆರಿಕದ ಸೈನ್ಯ ಒಂದು ಹಗುರ ಗಾಡಿ ಬೇಕೆಂದು ಕೇಳಿದಾಗ ಪೆನ್ಸಿಲ್ವೇನಿಯಾದ ಬಟ್ಲರ್ ಎಂಬ ಊರಿನ ಬ್ಯಾಂಟಮ್ ಎಂಬ ಸಣ್ಣ ಕಂಪನಿ ಸೆಪ್ಟೆಂಬರ್ 23ರಂದು ಮೊದಲ ಮಾದರಿ ತಂದು ಒಪ್ಪಿಸಿತು. ಸಣ್ಣ ಕಂಪನಿಗೆ ಅಷ್ಟೊಂದು ಗಾಡಿ ಮಾಡಲಾಗದೆಂದು ಸೈನ್ಯ ಅದರ ನಕ್ಷೆಯನ್ನು ವಿಲ್ಲಿಸ್‌ಗೂ ಫೋರ್ಡ್‌ಗೂ ತೋರಿಸಿತು. ಯುದ್ಧ ಮುಗಿಯುವ ಹೊತ್ತಿಗೆ ಈ ಇಬ್ಬರು ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪು ಮಾಡಿದ್ದರು. ವಿಲ್ಲಿಸ್‌ನ ಭಾಗ ಫೋರ್ಡಿನ ಜೀಪಿಗೂ ಕೂರಬೇಕು, ಬಯಲಿನಲ್ಲಿ ನಾಲ್ಕು ಸ್ಪ್ಯಾನರ್ ಹಿಡಿದ ಸೈನಿಕ ಬಿಚ್ಚಿ ಜೋಡಿಸುವಂತಿರಬೇಕು. ಹಾಗೆ ಹುಟ್ಟಿದ ಗಾಡಿ ಕೆಡುವುದಿಲ್ಲ ಎಂದು ಯಾರೂ ಮಾತು ಕೊಟ್ಟಿರಲಿಲ್ಲ.

ನಮ್ಮಲ್ಲಿ ಮಹೀಂದ್ರದವರು ವಿಲ್ಲಿಸ್ ಜೀಪಿನ ಭಾಗಗಳನ್ನು ತರಿಸಿ 1949ರಲ್ಲಿ ಮುಂಬಯಿಯ ಮಝಗಾಂವ್‌ನಲ್ಲಿ ಜೋಡಿಸಲು ಶುರು ಮಾಡಿದರು. ಆಮೇಲೆ ಇಲ್ಲಿಯೇ ತಯಾರಾದ ಜೀಪಿನ ಎತ್ತರದ ಬಾನೆಟ್ಟನ್ನು ನೋಡಿದವರು ಅದು ಗತ್ತಿಗೆಂದು ತಿಳಿಯುತ್ತಾರೆ. ಸಿಜೆ-3ಬಿ ಎಂಬ ಆ ಮಾದರಿಯ ಪೆಟ್ರೋಲ್ ಎಂಜಿನ್ನಿನಲ್ಲಿ ಒಳಗೆಳೆಯುವ ವಾಲ್ವುಗಳು ಮೇಲೆ, ಹೊಗೆ ಬಿಡುವ ವಾಲ್ವುಗಳು ಪಕ್ಕದ ಬ್ಲಾಕಿನಲ್ಲಿ. ಎಂಜಿನ್ನು ಎತ್ತರವಾಯಿತು, ಬಾನೆಟ್ಟೂ ಎತ್ತರವಾಗಲೇಬೇಕಾಯಿತು, ಅಷ್ಟೆ. ಅಮೆರಿಕದಲ್ಲಿ 1953ಕ್ಕೆ ಬಂದ ಆ ಮಾದರಿ 1968ಕ್ಕೆ ನಿಂತಿತು. ಇಲ್ಲಿ ಅದೇ ಮುಖ ದಶಕಗಳ ಕಾಲ ಓಡಿತು. ಪೆಟ್ರೋಲಿನ ಖರ್ಚು ತಾಳಲಾರದೆ ಜನ ಡೀಸೆಲ್ ಕೇಳಿದರು. 1979ರಲ್ಲಿ ಫ್ರಾನ್ಸಿನ ಪ್ಯೂಜೊ ಕಂಪನಿಯಿಂದ ಎಕ್ಸ್‌ಡಿಪಿ 4.90 ಎಂಜಿನ್ ತಯಾರಿಸುವ ಲೈಸೆನ್ಸ್ ಬಂತು. ಆ 2112 ಸಿಸಿ ಎಂಜಿನ್ನು ಕೂತ ಎಂಎಂ 540 ಎಂಬತ್ತರ ದಶಕದಲ್ಲಿ ರಸ್ತೆಗೆ ಬಂದ ಮೇಲೆ ತಹಸೀಲ್ದಾರರಿಗೂ ಅದೇ, ಕಾಫಿ ಪ್ಲಾಂಟರಿಗೂ ಅದೇ, ಸಿನಿಮಾದ ಕೊನೆಗೆ ಎಲ್ಲ ಮುಗಿದ ಮೇಲೆ ಬರುವ ಪೊಲೀಸರಿಗೂ ಅದೇ.

ಮಾವನ ಮೇಜಿನ ಮೇಲೆ ಎಲ್ಲಕ್ಕಿಂತ ಹೆಚ್ಚು ಬಂದು ಕೂತದ್ದು ಟ್ರಾನ್ಸ್‌ಫರ್ ಬಾಕ್ಸಿನ ಇಂಟರ್‌ಮೀಡಿಯೆಟ್ ಶಾಫ್ಟು. ಗೇರ್ ಬಾಕ್ಸಿನಿಂದ ಬಂದ ಶಕ್ತಿಯನ್ನು ಹಿಂದಿನ ಮುಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆಯಲ್ಲಿ ಈ ಶಾಫ್ಟು ತಿರುಗದೆ ನಿಂತಿರುತ್ತದೆ. ಅದರ ಸುತ್ತ ಸೂಜಿಯಂಥ ರೋಲರ್‌ಗಳು, ರೋಲರ್‌ಗಳ ಮೇಲೆ ಗೇರು. ಶಾಫ್ಟು ತಿರುಗದ್ದರಿಂದ ಭಾರವೆಲ್ಲ ಒಂದೇ ಮಗ್ಗುಲಿಗೆ. ವರ್ಷಗಟ್ಟಲೆ ಓಡಿದ ಮೇಲೆ ಆ ಮಗ್ಗುಲಿನಲ್ಲಿ ಉಗುರು ಸಿಕ್ಕುವಷ್ಟು ಗೆರೆ ಬೀಳುತ್ತದೆ. ಆಮೇಲೆ ಗಾಡಿ ಊಳಿಡಲು ತೊಡಗುತ್ತದೆ. ಅಮೆರಿಕದ ಕಂಪನಿಯೇ ಈ ಶಾಫ್ಟಿನ ದಪ್ಪವನ್ನು ಕಾಲಕಾಲಕ್ಕೆ ಹೆಚ್ಚಿಸಿಕೊಂಡು ಬಂತು, ಮುಕ್ಕಾಲು ಇಂಚಿದ್ದದ್ದು ಒಂದೂಕಾಲು ಇಂಚಿನವರೆಗೆ.

ಇದನ್ನು ಮಾಡಲು ಡ್ರಾಯಿಂಗ್ ಬೇಡ. ಶಾಫ್ಟಿನ ಸವೆಯದ ತುದಿಯಲ್ಲಿ ಅಳತೆ ಸಿಗುತ್ತದೆ. ಇಎನ್ 353 ಉಕ್ಕಿನ ತುಂಡು ಕತ್ತರಿಸಿ, ಲೇತಿಗೆ ಹಿಡಿದು, ಗ್ರೈಂಡಿಂಗಿಗೆ ಒಂದಿಷ್ಟು ಮೈ ಬಿಟ್ಟು ಕಡೆಯುವುದು. ಎಣ್ಣೆ ಹೋಗುವ ತೂತು, ಲಾಕ್ ಪ್ಲೇಟ್ ಕೂರುವ ಕಚ್ಚು. ಅಲ್ಲಿಗೆ ನಮ್ಮ ಕೆಲಸ ಮುಗಿಯುತ್ತಿತ್ತು, ಶಾಫ್ಟಿನ ಕೆಲಸ ಮುಗಿಯುತ್ತಿರಲಿಲ್ಲ. ಮೆತ್ತಗಿನ ಶಾಫ್ಟು ಹಾಕಿದರೆ ವಾರಕ್ಕೆ ಗೆರೆ ಬೀಳುತ್ತದೆ. ಹೊರಮೈಗೆ ಇಂಗಾಲ ಕುಡಿಸಿ ಗಟ್ಟಿ ಮಾಡಬೇಕು, ಒಳಗೆ ಮೆತ್ತಗೇ ಇರಬೇಕು, ಇಲ್ಲದಿದ್ದರೆ ಮೊದಲ ಗುಂಡಿಗೆ ಲಟಕ್. ಅದಕ್ಕೆ ಹೀಟ್ ಟ್ರೀಟ್‌ಮೆಂಟಿನ ಕುಲುಮೆ ಬೇಕು. ಒಂದು ಶಾಫ್ಟಿಗಾಗಿ ಕುಲುಮೆ ಹೊತ್ತಿಸುವವರು ಲೋಕದಲ್ಲಿ ಯಾರೂ ಇಲ್ಲ.

ಸೈಕಲ್ಲಿನ ಕ್ಯಾರಿಯರಿಗೆ ಶಾಫ್ಟು ಕಟ್ಟಿಕೊಂಡು ನಾನು ಪೀಣ್ಯದ ಎರಡನೇ ಹಂತಕ್ಕೆ ಹೋಗುತ್ತಿದ್ದೆ. ಅಲ್ಲಿಯ ಸೂಪರ್‌ವೈಸರ್ ಹಾಸನದ ಕಡೆಯವರು. ಯಾವುದೋ ಕಂಪನಿಯ ನೂರಾರು ಗೇರುಗಳು ಬುಟ್ಟಿಯಲ್ಲಿ ಕೂತು ಕುಲುಮೆಗೆ ಇಳಿಯಲು ಕಾಯುತ್ತಿದ್ದರೆ, ಅವುಗಳ ಸಂದಿಯಲ್ಲಿ ನಮ್ಮ ಶಾಫ್ಟನ್ನೂ ತಂತಿ ಕಟ್ಟಿ ನಿಲ್ಲಿಸುತ್ತಿದ್ದರು. "ಬಿಲ್ಲಿಲ್ಲ ಕಣಪ್ಪ, ಟೀ ಕುಡಿಸು ಸಾಕು." ಮಾರನೆಯ ದಿನ ಕಪ್ಪಗಾಗಿ ಹೊರಬಂದ ಶಾಫ್ಟಿಗೆ ಮಾವ ಹಳೆಯ ಅರವೊಂದನ್ನು ಎಳೆದು ನೋಡುತ್ತಿದ್ದರು. ಅರ ಕಚ್ಚದೆ ಜಾರಿದರೆ ಪಾಸು. ಆಮೇಲೆ ಗ್ರೈಂಡಿಂಗಿನವನ ಹತ್ತಿರ ಇದೇ ಕಥೆ. ಅವನೂ ಯಾರದೋ ದೊಡ್ಡ ಆರ್ಡರಿನ ನಡುವೆ ನಮ್ಮದನ್ನು ಸೇರಿಸಿ ಹೊಡೆದುಕೊಡುತ್ತಿದ್ದ.

ಗೌಡರು ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಕಂಪನಿದಕ್ಕಿಂತ ಚೆನ್ನಾಗಿದೆ" ಎನ್ನುತ್ತಿದ್ದರು. ನಮ್ಮ ಹುಡುಗರಿಗೆ ಅದನ್ನು ಕೇಳಿ ಖುಷಿ. ಆ ಶಾಫ್ಟಿನೊಳಗೆ ಯಾವುದೋ ಕಂಪನಿಯ ನೂರು ಗೇರಿನ ಬೆಂಕಿಯೂ ಇದೆ ಎಂದು ಯಾರೂ ಹೇಳುತ್ತಿರಲಿಲ್ಲ. ಕ್ರೌನ್ ಪಿನಿಯನ್ ತಂದರೆ ಮಾತ್ರ ಮಾವ ಕೈಮುಗಿಯುತ್ತಿದ್ದರು. ಹಳೆಯ ಜೀಪಿನ ಕ್ರೌನಿಗೆ 43 ಹಲ್ಲು, ಪಿನಿಯನ್ನಿಗೆ 8. ಆ ಬಾಗಿದ ಹಲ್ಲು ಕೊಯ್ಯಲು ಬೇರೆಯೇ ಮಿಷನ್ನು ಬೇಕು. ಜೋಡಿಯಾಗಿಯೇ ಹುಟ್ಟಿ ಜೋಡಿಯಾಗಿಯೇ ಗುಜರಿ ಸೇರುವ ಸಾಮಾನು ಅದು. "ಶಿವಾಜಿನಗರದ ಗುಜರಿಗೆ ಹೋಗಿ, ಇಲಾಖೆ ಜೀಪಿಂದು ಬಂದಿರ್ತದೆ" ಎಂದು ಕಳಿಸುತ್ತಿದ್ದರು.

ನಮ್ಮ ಲೇತು ಹರಿಹರದ ಮೈಸೂರು ಕಿರ್ಲೋಸ್ಕರ್‌ನದು. 1941ರಲ್ಲಿ ಶುರುವಾದ ಆ ಕಾರ್ಖಾನೆ ಈ ಶತಮಾನದ ಆರಂಭದಲ್ಲಿ ಬಾಗಿಲು ಹಾಕಿತು. ಲೇತು ಬಾಗಿಲು ಹಾಕಲಿಲ್ಲ. ಅದರ ಸವೆದ ನಟ್ಟನ್ನು ಅದೇ ಲೇತಿನಲ್ಲಿ ಕಡೆದು ಅದಕ್ಕೇ ಹಾಕಿದ್ದನ್ನು ನಾನು ನೋಡಿದ್ದೇನೆ. ಕಂಪನಿ ಹೋದರೂ ಗಾಡಿ ಉಳಿಯುತ್ತದೆ ಎಂಬ ಧೈರ್ಯ ಜೀಪಿನವರಲ್ಲಿ ಎಲ್ಲಿಂದ ಬಂತೋ ಗೊತ್ತಿಲ್ಲ, ನಮ್ಮ ಬೀದಿಯವರಿಗಂತೂ ಅದು ದಿನಾ ಕಣ್ಣೆದುರಿಗೆ ತಿರುಗುತ್ತಿತ್ತು.

ಮುಂದೆ ನಾನು ಪೀಣ್ಯದ ಕಂಪನಿಯೊಂದರಲ್ಲಿ ಕ್ವಾಲಿಟಿ ವಿಭಾಗ ಸೇರಿದೆ. ಕೈಯಲ್ಲಿ ನಾಲ್ಕು ಕಾಸು ಕೂಡಿದ ಮೇಲೆ ಮಾವನ ಇಂಥ ಗಿರಾಕಿಯೊಬ್ಬರಿಂದ ಎಂಎಂ 540 ಕೊಂಡೆ. ಬೇರೆಯವರ ಗಾಡಿಗೆ ಪೀಸು ಮಾಡಿಕೊಡುವುದಕ್ಕೂ ಅದೇ ಗಾಡಿಯ ಸ್ಟೇರಿಂಗ್ ಹಿಡಿಯುವುದಕ್ಕೂ ಅಜಗಜಾಂತರ. ಮೊದಲ ಕೆಲವು ತಿಂಗಳು ಅದರ ಜೊತೆ ನನ್ನದು ಬರೀ ಜಗಳ. ಅರವತ್ತು ದಾಟಿದರೆ ಸ್ಟೇರಿಂಗ್ ಕೈಯಲ್ಲಿ ಕುಣಿಯುತ್ತದೆ, ಕಿಂಗ್‌ಪಿನ್ ನೋಡು, ಕಮಾನಿನ ಬುಷ್ ನೋಡು, ಟಯರ್ ಅದಲುಬದಲು ಮಾಡು. ಮಳೆಯಲ್ಲಿ ಟಾರ್ಪಾಲಿನ ಸಂದಿಯಿಂದ ನೀರು ಸರಿಯಾಗಿ ಬಲದ ಮೊಣಕಾಲಿಗೆ. ಬೆಳಗಿನ ಚಳಿಯಲ್ಲಿ ಹೀಟರ್ ಕಾಯಿಸಿ ಸ್ಟಾರ್ಟ್ ಮಾಡಿದರೆ ಬೀದಿ ತುಂಬ ಬಿಳಿ ಹೊಗೆ, ಎದುರು ಮನೆಯವರು ಕಿಟಕಿ ಹಾಕುವ ಸದ್ದು.

"ವಾರಪೂರ್ತಿ ಫ್ಯಾಕ್ಟ್ರಿ, ಭಾನುವಾರ ಇದ್ರ ಅಡಿ. ಮಕ್ಳು ನಿಮ್ಮ ಕಾಲು ನೋಡಿ ಗುರುತು ಹಿಡೀತಾವೆ" ಎಂದಳು ಹೆಂಡತಿ.

ಮಾರಲು ಮನಸ್ಸು ಬರಲಿಲ್ಲ. ಏಕೆಂದು ಕೇಳಿದರೆ ಜೀಪಿನವರು ಸಾಮಾನ್ಯವಾಗಿ ಕಾಡು, ಗುಡ್ಡ, ಸ್ವಾತಂತ್ರ್ಯ ಎಂದೆಲ್ಲ ಶುರು ಮಾಡುತ್ತಾರೆ. ನನ್ನ ಕಾರಣ ಅಷ್ಟು ದೊಡ್ಡದಲ್ಲ. ಆ ಗಾಡಿ ಏನು ಕೆಟ್ಟಿದೆ ಎಂದು ಸದ್ದಿನಲ್ಲೇ ಹೇಳುತ್ತಿತ್ತು. ಕ್ರಾಸ್ ಸವೆದರೆ ಗಾಡಿ ಎತ್ತುವಾಗ ಟಣ್ ಎನ್ನುತ್ತದೆ, ಬೇರಿಂಗ್ ಹೋದರೆ ಒಂದು ಕಡೆಯ ತಿರುವಿನಲ್ಲಿ ಮಾತ್ರ ಗುಂಯ್ ಎನ್ನುತ್ತದೆ. ಇಡೀ ದಿನ ಮೈಕ್ರೋಮೀಟರ್ ಹಿಡಿದು ಕಣ್ಣಿಗೆ ಕಾಣದ ತಪ್ಪು ಹುಡುಕುವವನಿಗೆ ತಾನಾಗಿ ತಪ್ಪೊಪ್ಪಿಕೊಳ್ಳುವ ಯಂತ್ರ ಸಿಕ್ಕರೆ ಬಿಡುವುದು ಕಷ್ಟ.

ಕೊಡಚಾದ್ರಿಗೆ ಹೋದಾಗ ನಾನು ನನ್ನ ಗಾಡಿ ಒಯ್ಯಲಿಲ್ಲ. ಕೊಲ್ಲೂರಿನಲ್ಲಿ ದರ್ಶನ ಮುಗಿಸಿ ಅಲ್ಲಿಯ ಬಾಡಿಗೆ ಜೀಪನ್ನೇ ಹತ್ತಿದೆವು. ನಾಗೋಡಿ, ಕಟ್ಟಿನಹೊಳೆ ದಾಟಿದ ಮೇಲೆ ರಸ್ತೆ ಎನ್ನುವುದು ಬಂಡೆ ಮತ್ತು ಕೆಸರಿನ ನಡುವಿನ ಒಂದು ಒಪ್ಪಂದ. ಡ್ರೈವರ್ ಸಣ್ಣ ಹುಡುಗ. ಫೋರ್‌ವೀಲ್ ಹಾಕಿ, ಲೋ ಗೇರಿಗೆ ಎಳೆದು, ಆಮೇಲೆ ಆಕ್ಸಿಲೇಟರ್ ಮುಟ್ಟುವುದನ್ನೇ ಬಿಟ್ಟ. ಹಳೆಯ ಪೆಟ್ರೋಲ್ ಜೀಪಿನ ಲೆಕ್ಕ ನನ್ನ ಬಾಯಲ್ಲೇ ಇತ್ತು. ಮೊದಲ ಗೇರು 2.798, ಲೋ 2.46, ಕ್ರೌನಿನದು 5.38. ಮೂರನ್ನೂ ಗುಣಿಸಿದರೆ 37. ಎಂಜಿನ್ನು 37 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಎಂಜಿನ್ನು ನಿಮಿಷಕ್ಕೆ ಸಾವಿರ ಸುತ್ತು ಹಾಕುತ್ತಿದ್ದರೂ ಗಾಡಿ ಮನುಷ್ಯ ನಡೆಯುವಷ್ಟೇ ವೇಗದಲ್ಲಿ ತೆವಳುತ್ತದೆ. ಇಳಿಯುವಾಗಲೂ ಅಷ್ಟೆ, ಬ್ರೇಕಿನ ಹಂಗಿಲ್ಲ, ಎಂಜಿನ್ನೇ ಹಿಡಿದುಕೊಳ್ಳುತ್ತದೆ. ಬ್ರೇಕನ್ನು ನಂಬಿ ಇಳಿಯುವವರ ಡ್ರಮ್ಮು ಅರ್ಧ ದಾರಿಗೆ ಕಾದು ವಾಸನೆ ಬರುತ್ತದೆ.

ಮೇಲೆ ನಿಲ್ಲಿಸಿದಾಗ ಅವನ ಟ್ರಾನ್ಸ್‌ಫರ್ ಬಾಕ್ಸಿನ ವಿಚಾರ ಕೇಳಿದೆ.

"ಸಾಮಾನು ಎಲ್ಲಿ ಸಿಕ್ತದೆ ಮಾರಾಯ್ರೆ? ಮೂರು ಹಳೆ ಬಾಕ್ಸ್ ಬಿಚ್ಚಿ ಒಂದು ಮಾಡುದು. ಈಗ ಆ ಮೂರೇ ಸಿಕ್ಕುದಿಲ್ಲ."

ಅವನು ದೂರಿದ್ದಲ್ಲ, ಇರುವುದನ್ನು ಹೇಳಿದ, ಬೀಡಿ ಹಚ್ಚಿದ. ನನಗೆ ಮಾತ್ರ ಆ ಮೂರು ಬಾಕ್ಸು ತಲೆಯಲ್ಲಿ ಕೂತಿತು. ಎಲ್ಲಿಂದ ಬರುತ್ತಿದ್ದವು ಅವು? ಇಲಾಖೆಗಳ ಹರಾಜಿನಿಂದ. ಅರಣ್ಯ, ಕಂದಾಯ, ಪೊಲೀಸು, ನೀರಾವರಿ, ಎಲ್ಲರಲ್ಲೂ ಜೀಪಿತ್ತು. ಶೆಡ್ಡಿನಲ್ಲಿ ಚಕ್ರ ಇಳಿದು ನಿಂತದ್ದು ಒಂದಲ್ಲ ಒಂದು ದಿನ ಹರಾಜಾಗಿ ಗುಜರಿಗೋ ತೋಟಕ್ಕೋ ಹೋಗುತ್ತಿತ್ತು. ಒಂದು ಜೀಪು ಸತ್ತು ನಾಲ್ಕು ಜೀಪಿಗೆ ಅಂಗಾಂಗ ಕೊಡುತ್ತಿತ್ತು. 2023ರ ಏಪ್ರಿಲ್ 1ರಿಂದ ಹದಿನೈದು ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಿಸುವಂತಿಲ್ಲ, ಅವು ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರಕ್ಕೆ ಹೋಗಬೇಕು ಎಂದಾಯಿತು. ಸರ್ಕಾರದ ದೃಷ್ಟಿಯಿಂದ ಅದು ಸರಿಯೇ ಇರಬಹುದು. ಹೊಗೆ ಕಾರುವ ಗಾಡಿಯಲ್ಲಿ ನೌಕರರನ್ನು ಕೂರಿಸಿ ಓಡಿಸುವುದು ಯಾವ ನ್ಯಾಯ? ಆದರೆ ಮಲೆನಾಡಿನ ಗ್ಯಾರೇಜಿನ ಬೆಂಚಿನಡಿಯ ಹಳೆ ಬಾಕ್ಸುಗಳ ಒರತೆ ಅದರಿಂದ ಬತ್ತಿತು.

ಖಾಸಗಿ ಜೀಪಿನ ದಾರಿ ಮುಚ್ಚಿಲ್ಲ, ಕಡಿದಾಗಿದೆ. ದೆಹಲಿ ಸುತ್ತಮುತ್ತ ಹತ್ತು ವರ್ಷದ ಡೀಸೆಲ್ ಗಾಡಿಗೆ ಆದ ಗತಿ ಕರ್ನಾಟಕದಲ್ಲಿ ಆಗಿಲ್ಲ. ಎಫ್‌ಸಿ ಆದರೆ ಐದೈದು ವರ್ಷಕ್ಕೆ ಮುಂದುವರಿಸಬಹುದು. ನೋಂದಣಿ ನವೀಕರಣದ ಶುಲ್ಕ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಯಿತು. 2025ರ ಆಗಸ್ಟಿನಲ್ಲಿ ಇಪ್ಪತ್ತು ವರ್ಷ ಮೀರಿದ ಕಾರು ಜೀಪುಗಳಿಗೆ 10,000 ಎಂದರು. ಹಸಿರು ತೆರಿಗೆ ಬೇರೆ. ದುಡ್ಡು ಹೇಗೋ ಹೊಂದಿಸಬಹುದು, ಆರ್‌ಸಿಗೂ ಗಾಡಿಗೂ ಹೊಂದಿಸುವುದೇ ಕಷ್ಟ. ಪೆಟ್ರೋಲ್ ತೆಗೆದು ಡೀಸೆಲ್ ಕೂರಿಸಿದ್ದು, ಬಾಡಿ ಉದ್ದ ಮಾಡಿದ್ದು, ಅಗಲದ ಟಯರ್ ಹಾಕಿದ್ದು. ತಯಾರಕರ ವಿವರಕ್ಕೆ ವ್ಯತ್ಯಾಸ ಬರುವಂತೆ ಗಾಡಿ ಬದಲಿಸಬಾರದೆಂಬ ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಮತ್ತೆ ಗಟ್ಟಿಯಾಗಿ ಹೇಳಿತು. ಅಷ್ಟೇಕೆ, ಎಲ್ಲ ಜೀಪಿನವರಿಗೂ ಆಸೆಯ ಬಣ್ಣವಾದ ಮಿಲಿಟರಿ ಹಸಿರನ್ನು ಸೈನ್ಯದ ಗಾಡಿ ಬಿಟ್ಟು ಇನ್ನಾವುದಕ್ಕೂ ಬಳಿಯುವಂತಿಲ್ಲ.

ಐವತ್ತು ವರ್ಷ ದಾಟಿದ್ದಕ್ಕೆ ವಿಂಟೇಜ್ ಎಂಬ ಮರ್ಯಾದೆಯ ದಾರಿಯೊಂದಿದೆ. 2021ರ ನಿಯಮದಂತೆ 20,000 ರೂಪಾಯಿ ಕಟ್ಟಿ ನೋಂದಾಯಿಸಿದರೆ ಸ್ಕ್ರ್ಯಾಪಿನ ಭಯವಿಲ್ಲ. ಆದರೆ ಗಾಡಿ ಮೂಲ ರೂಪದಲ್ಲೇ ಇರಬೇಕು, ದಿನಬಳಕೆಗೆ ರಸ್ತೆಗಿಳಿಸಬಾರದು. ನನಗೆ ಇದರಲ್ಲೊಂದು ತಕರಾರಿದೆ. ಗೊಬ್ಬರ ಹೊತ್ತು, ಬಾಣಂತಿಯರನ್ನು ಆಸ್ಪತ್ರೆಗೆ ಮುಟ್ಟಿಸಿ, ಎಂಜಿನ್ ಬದಲಿಸಿಕೊಂಡು ದುಡಿದ ಜೀಪು ಈ ಮರ್ಯಾದೆಗೆ ಅರ್ಹವಲ್ಲ. ಶೆಡ್ಡಿನಲ್ಲಿ ಬಟ್ಟೆ ಹೊದ್ದು ಮಲಗಿದ್ದದ್ದು ಅರ್ಹ.

ಹಾಗೆಂದು ಹಳೆಯದನ್ನು ಹೊಗಳುವ ಭರದಲ್ಲಿ ಹೊಸದನ್ನು ಹಳಿಯುವುದು ನನಗೆ ಸೇರುವುದಿಲ್ಲ. 2010ರ ಅಕ್ಟೋಬರಿನಲ್ಲಿ ಮಹೀಂದ್ರದ ಥಾರ್ ಬಂದಾಗ ನಮ್ಮ ಜೀಪಿನವರ ಗುಂಪಿನ ಹಿರಿಯರು ಮುಂದಿನ ಚಕ್ರಕ್ಕೆ ಕಮಾನಿಲ್ಲ ಎಂದು ಮೂಗು ಮುರಿದರು. 2020ರಲ್ಲಿ ಎರಡನೆಯ ಥಾರ್ ಬಂದಾಗ ಇದು ಕಾರು ಎಂದರು. ಅದೇ ವರ್ಷ ನವೆಂಬರಿನಲ್ಲಿ ಗ್ಲೋಬಲ್ ಎನ್‌ಕ್ಯಾಪ್‌ನ ಅಪಘಾತ ಪರೀಕ್ಷೆಯಲ್ಲಿ ಅದಕ್ಕೆ ನಾಲ್ಕು ಸ್ಟಾರ್ ಬಂತು. ನನ್ನ ಜೀಪನ್ನು ಆ ಗೋಡೆಗೆ ಗುದ್ದಿಸುವ ಯೋಚನೆಯೇ ಬೇಡ, ಅದರ ಸ್ಟೇರಿಂಗ್ ಕಂಬ ನೇರ ಎದೆಗೇ ಬರುತ್ತದೆ. ರಾತ್ರಿ ಶಿರಾಡಿ ಘಾಟಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೋಗಬೇಕೆಂದರೆ ನಾನು ತಂಗಿಯ ಮಗನ ಥಾರ್ ಕೇಳಿ ಒಯ್ಯುತ್ತೇನೆ. ಜೀಪು ಬಿಡುವವರು ಇದನ್ನು ಬಾಯಿಬಿಟ್ಟು ಹೇಳುವುದು ಅಪರೂಪ.

ಜಿಪ್ಸಿಯವರದು ಇನ್ನೊಂದು ಪಂಗಡ. 1985ರ ಡಿಸೆಂಬರಿನಲ್ಲಿ 970 ಸಿಸಿಯ ಪುಟ್ಟ ಎಂಜಿನ್ನಿನೊಡನೆ ಬಂದು, 1996ರಲ್ಲಿ 1300ಕ್ಕೆ ಏರಿ, ರ‍್ಯಾಲಿಗಳಲ್ಲೂ ಸೈನ್ಯದಲ್ಲೂ ನಾಗರಹೊಳೆ ಬಂಡೀಪುರದ ಸಫಾರಿಯಲ್ಲೂ ಹೆಸರು ಮಾಡಿದ ಗಾಡಿ. ಅವರು ನಮ್ಮನ್ನು ಕಂಡರೆ ಟ್ರ್ಯಾಕ್ಟರ್ ಎನ್ನುತ್ತಾರೆ, ನಾವು ಅವರದನ್ನು ಡಬ್ಬ ಎನ್ನುತ್ತೇವೆ. ಕೆಸರಿನಲ್ಲಿ ಡಬ್ಬವೇ ಗೆಲ್ಲುತ್ತದೆ, ಹಗುರ. ಅವರ ಪುಣ್ಯವೆಂದರೆ ಸೈನ್ಯದಂಥ ಗಿರಾಕಿ ದಶಕಗಟ್ಟಲೆ ಅದೇ ಗಾಡಿ ಕೊಂಡದ್ದು. ಸೈನ್ಯದ ದೊಡ್ಡ ಆರ್ಡರಿನ ಬೆನ್ನಿಗೆ ಮನೆಯ ಜಿಪ್ಸಿಯ ಬಿಡಿಭಾಗವೂ ಬಂತು.

ಕುಲುಮೆಯ ಬುಟ್ಟಿಯಲ್ಲಿ ನಡೆಯುತ್ತಿದ್ದುದೂ ಇದೇ ಎಂದು ನನಗೆ ಹೊಳೆದದ್ದು ತೀರ ಈಚೆಗೆ. ಜೀಪು ಬಾಳಿಕೆ ಬಂತು, ಏಕೆಂದರೆ ಅದರ ಒಂದೊಂದು ಪೀಸೂ ಯಾರದೋ ಸಾವಿರ ಪೀಸಿನ ಹೆಗಲ ಮೇಲೆ ಕೂತು ಬಂತು. ಸರ್ಕಾರ ಸಾವಿರ ಜೀಪು ಕೊಂಡದ್ದಕ್ಕೆ ಪ್ಲಾಂಟರಿಗೆ ಹರಾಜಿನಲ್ಲಿ ಒಂದು ಸಿಕ್ಕಿತು. ಪೀಣ್ಯ ಸಾವಿರ ಗೇರು ಬೇಯಿಸಿದ್ದಕ್ಕೆ ಗೌಡರ ಒಂದು ಶಾಫ್ಟು ಬೆಂದಿತು. ನಿಷ್ಠೆ, ಪ್ರೀತಿ ಎಂದು ನಾವು ಹೇಳಿಕೊಳ್ಳುವುದೆಲ್ಲ ನಿಜವೇ. ಆದರೆ ಆ ಪ್ರೀತಿಯ ಅರ್ಧ ಖರ್ಚನ್ನು ಬೇರೆಯವರು ತಿಳಿಯದೆ ಭರಿಸುತ್ತಿದ್ದರು.

ಈಗ ಆ ಹೆಗಲುಗಳು ಸರಿಯುತ್ತಿವೆ. ಲಗ್ಗೆರೆಯ ಶೆಡ್ಡುಗಳಲ್ಲಿ ಎಷ್ಟೋ ಕೆಡವಿ ಮೂರು ಮಹಡಿಯ ಬಾಡಿಗೆ ಮನೆಗಳಾಗಿವೆ. ತಿಂಗಳ ಬಾಡಿಗೆಗೆ ಲೇತಿನಂತೆ ಎಣ್ಣೆ ಹಾಕಬೇಕಿಲ್ಲ. ದೊಡ್ಡ ಆರ್ಡರಿನವರು ಜಾಗ ಸಾಲದೆ ಡಾಬಸ್‌ಪೇಟೆ ಕಡೆಗೆ ಹೊರಟರು. ಅವರ ಹಿಂದೆ ಹೀಟ್ ಟ್ರೀಟ್‌ಮೆಂಟಿನವರೂ ಹೊರಟರು. ಉಳಿದ ಕುಲುಮೆಗಳಲ್ಲಿ ಕಂಪ್ಯೂಟರ್ ಬಂದಿದೆ. ಬುಟ್ಟಿಗೆ ಏನು ಇಳಿಯಿತು, ಎಷ್ಟು ಡಿಗ್ರಿ, ಎಷ್ಟು ಹೊತ್ತು, ಯಾವ ಬ್ಯಾಚು ಎಲ್ಲಕ್ಕೂ ದಾಖಲೆ. ಕ್ವಾಲಿಟಿಯವನಾಗಿ ಆ ದಾಖಲೆ ಬೇಕೆಂದು ಹಟ ಹಿಡಿಯುವವರ ಪೈಕಿ ನಾನೂ ಒಬ್ಬ. ದಾಖಲೆಯಿಲ್ಲದ ತುಂಡೊಂದು ಬುಟ್ಟಿಯಲ್ಲಿ ಕಂಡರೆ ಇಡೀ ಬ್ಯಾಚನ್ನು ತಡೆಹಿಡಿಯುವುದು ನನ್ನ ಸಂಬಳದ ಕೆಲಸ. ಟೀ ಕುಡಿಸಿ ಶಾಫ್ಟು ಇಳಿಸುವ ಕಾಲ ಹೋಯಿತು.

ವಿದ್ಯುತ್ ಜೀಪಿನ ಮಾತೂ ಆಗಾಗ ಬರುತ್ತದೆ. ಬೆಂಗಳೂರಿಗೆ ಅದು ಹೊಸತಲ್ಲ, ರೇವಾ ಕಾರು 2001ರಲ್ಲೇ ಇಲ್ಲಿಂದ ಹೊರಟಿತ್ತು. 2010ರಲ್ಲಿ ಆ ಕಂಪನಿಯನ್ನು ಕೊಂಡವರು ಜೀಪಿನವರೇ, ಮಹೀಂದ್ರ. 2023ರ ಆಗಸ್ಟ್ 15ರಂದು ಕೇಪ್‌ಟೌನಿನಲ್ಲಿ ವಿದ್ಯುತ್ ಥಾರ್‌ನ ಮಾದರಿಯನ್ನೂ ತೋರಿಸಿದರು. ಹಳೆ ಜೀಪಿಗೆ ಮೋಟಾರು ಕೂರಿಸೋಣ ಎನ್ನುವ ಹುಡುಗರು ನಮ್ಮ ಗುಂಪಿನಲ್ಲಿದ್ದಾರೆ. ಕೂರಿಸಲಿ. ಸದ್ದಿಲ್ಲದ ಜೀಪಿನಲ್ಲಿ ಬೇರಿಂಗ್ ಹೋದದ್ದು ಇನ್ನೂ ಚೆನ್ನಾಗಿ ಕೇಳಿಸೀತು.

ಮಾವ ತೀರಿಕೊಂಡ ಮೇಲೆ ಶಾಪು ಅವರ ಮಗನದು. ಎರಡು ಸಿಎನ್‌ಸಿ ಮಿಷನ್ ಹಾಕಿದ್ದಾನೆ, ಹರಿಹರದ ಲೇತನ್ನು ಮೂಲೆಗೆ ಸರಿಸಿದ್ದಾನೆ, ಮಾರಿಲ್ಲ. ಕಳೆದ ಮಳೆಗಾಲದಲ್ಲಿ ನನ್ನ ಗಾಡಿಯ ಬಾಕ್ಸು ಮತ್ತೆ ಊಳಿಡತೊಡಗಿದಾಗ ಶಾಫ್ಟು ಒಯ್ದು ಅವನ ಮುಂದಿಟ್ಟೆ.

"ಭಾವ, ಒಂದು ಪೀಸಿಗೆ ಪ್ರೋಗ್ರಾಂ ಬರೆದು, ಟೂಲ್ ಕಟ್ಟಿ... ನೀವೇ ಲೆಕ್ಕ ಹಾಕಿ. ಹೀಟ್ ಟ್ರೀಟ್‌ಮೆಂಟಿನವ್ರು ಮಿನಿಮಮ್ ಲಾಟ್ ಕೇಳ್ತಾರೆ. ಐವತ್ತು ಮಾಡಿ, ನಾನು ಕಂಪನಿ ಶಾಫ್ಟಿಗಿಂತ ಚೆನ್ನಾಗಿ ಕೊಡ್ತೀನಿ. ಟೆಸ್ಟ್ ರಿಪೋರ್ಟೂ ಕೊಡ್ತೀನಿ, ನಿಮಗೆ ಇಷ್ಟ ಅಲ್ವಾ."

ಐವತ್ತು ಶಾಫ್ಟು ನಾನೇನು ಮಾಡಲಿ? ಗುಂಪಿನಲ್ಲಿ ಸುದ್ದಿ ಹಾಕಿದೆ. ಮೂಡಿಗೆರೆಯಿಂದ ಒಬ್ಬರು ನಾಲ್ಕು ಎಂದರು, ಕಳಸದ ಬಾಡಿಗೆ ಜೀಪಿನವರು ಆರು, ಸೋಮವಾರಪೇಟೆಯವರು ಎರಡು. ಸಕಲೇಶಪುರದ ಗೌಡರ ಮಗ ಅಮೆರಿಕದಿಂದ ಮೆಸೇಜು ಮಾಡಿ ಅಪ್ಪನ ಗಾಡಿಗೆಂದು ಮೂರು ಹೇಳಿದರು, ಒಂದು ಹಾಕಲು, ಎರಡು ಇಡಲು. ಅಳತೆಯಲ್ಲಿ ಜಗಳವಾಯಿತು. ಕೆಲವರದು ಒಂದೂ ಎಂಟನೆಯ ಒಂದು ಇಂಚು, ಕೆಲವರದು ಒಂದೂಕಾಲು. ಒಂದೂಕಾಲಿನದೇ ಹೆಚ್ಚಾಯಿತು, ಉಳಿದವರು ಕೇಸನ್ನು ಬೋರಿಂಗ್ ಮಾಡಿಸಿಕೊಳ್ಳುತ್ತೇವೆಂದು ಒಪ್ಪಿದರು. ಈಗ ಐವತ್ತಕ್ಕೆ ಇನ್ನೂ ಹನ್ನೊಂದು ಕಮ್ಮಿಯಿದೆ. ಉಕ್ಕಿಗೆ ಅಡ್ವಾನ್ಸ್ ಬೇಕೆಂದು ಮಾವನ ಮಗ ಕೂತಿದ್ದಾನೆ, ಶಾಫ್ಟು ಕೈಗೆ ಬಂದ ಮೇಲೆ ದುಡ್ಡು ಎಂದು ಕಳಸದವರು ಕೂತಿದ್ದಾರೆ. ಬರುವ ಭಾನುವಾರ ನೆಲಮಂಗಲದ ಹೋಟೆಲ್ಲಿನಲ್ಲಿ ಎಲ್ಲರೂ ಸೇರುವುದೆಂದಾಗಿದೆ. ನನ್ನ ಗಾಡಿಯೊಂದು ಬಿಟ್ಟು ಉಳಿದವರದೆಲ್ಲ ಓಡುತ್ತಿರುವುದರಿಂದ ಅವರು ಜೀಪಿನಲ್ಲೇ ಬರುತ್ತಾರೆ, ನಾನು ಬಸ್ಸಿನಲ್ಲಿ ಹೋಗಬೇಕು.